ಕೊಂಬಣ್ಣನ ಮೂಗು

ಮ್ಯೂಸಿಯಂನ ಹಿಂದುಗಡೆ, ಸಾಮಾನು ಇಳಿಸುವ ಬಾಗಿಲಿನ ಪಕ್ಕದಲ್ಲಿ ಒಂದು ಉದ್ದನೆಯ ಕೋಣೆ. ಅಲ್ಲಿ ಕೂತು ಒಡೆದ ಮೂಳೆಗಳನ್ನು ಜೋಡಿಸುವ ಹೆಂಗಸನ್ನು ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ಅವಳ ಬೆರಳ ತುದಿಗಳಲ್ಲಿ ಅಂಟು ಒಣಗಿ ಇನ್ನೊಂದು ಚರ್ಮದಂತೆ ಕೂತುಬಿಟ್ಟಿರುತ್ತಿತ್ತು. ಹೊಸಬರು ಯಾರಾದರೂ ಕೈ ಕುಲುಕಲು ಬಂದರೆ, "ಬೇಡಿ, ಆಮೇಲೆ ಬಿಡಿಸ್ಕೊಳ್ಳೋದು ಕಷ್ಟ" ಎಂದು ನಗುತ್ತಿದ್ದಳು.

ಜೋಡಿಸುವ ಕೆಲಸ ಅವಳಿಗೆ ತಾಯಿಯಿಂದ ಬಂದದ್ದು. ತಾಯಿ ಮನೆಯ ಮುಂದಿನ ಕೋಣೆಯಲ್ಲೇ ಒಡೆದ ಪಿಂಗಾಣಿ ಬಟ್ಟಲು, ಹೂಜಿ, ತಟ್ಟೆಗಳನ್ನು ಬೆಸೆದು ಕೊಡುತ್ತಿದ್ದಳು. ಬೇರೆ ಮಕ್ಕಳು ಬೀದಿಯಲ್ಲಿ ಆಡುವಾಗ ಈ ಹುಡುಗಿ ಮೇಜಿನ ಕೆಳಗೆ ಕೂತು ಯಾವ ಚೂರಿಗೆ ಯಾವ ಚೂರು ಎಂದು ನೋಡುತ್ತಿದ್ದಳು. ಕೂರದ ಚೂರನ್ನು ಒತ್ತಿದರೆ ತಾಯಿ ಕೈ ಹಿಡಿದು ತಡೆಯುತ್ತಿದ್ದಳು. ಅದರದ್ದೇ ಜಾಗವಾದರೆ ಒತ್ತದೆಯೇ ಕೂರುತ್ತದೆ, ಒತ್ತಬೇಕಾಗಿ ಬಂದರೆ ಅದು ಬೇರೆ ಪಾತ್ರೆಯದು ಅನ್ನುವುದು ಆಕೆಯ ಲೆಕ್ಕ.

ಮ್ಯೂಸಿಯಂಗೆ ಅವಳು ಮೊದಲು ಬಂದದ್ದು ಹಳೆಯ ಕಾಲದ ಒಂದು ದೊಡ್ಡ ಹೂಜಿ ಬೆಸೆಯಲು. ಆ ಕೆಲಸ ಮುಗಿಯುವ ಮೊದಲೇ ಮೂಳೆಗಳ ವಿಭಾಗದ ವಿದ್ವಾಂಸರೊಬ್ಬರು ಬಂದು, ಅವಳ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡು ನಿಂತು, ಹೆಚ್ಚುಕಮ್ಮಿ ಅಪಹರಣ ಮಾಡಿದಂತೆ ತಮ್ಮ ಕೋಣೆಗೆ ಕರೆದೊಯ್ದರು. ಇವರೇ ಹಲ್ಲು ಮೇಷ್ಟ್ರು. ಭೂಮಿಯ ಮೇಲಿಂದ ಅಳಿದುಹೋದ ಪ್ರಾಣಿಗಳನ್ನು ಅವರು ಹಲ್ಲಿನಿಂದ ಗುರುತು ಹಿಡಿಯುತ್ತಿದ್ದರು. ಅವರ ಬಾಯಲ್ಲಿದ್ದದ್ದು ಮಾತ್ರ ಕಟ್ಟಿಸಿದ ಹಲ್ಲು. ಕೆಲಸದಲ್ಲಿ ಮುಳುಗಿದಾಗ ಆ ಸೆಟ್ಟನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಳ್ಳುವುದು ಅವರ ರೂಢಿ. ಹಾಗಾಗಿ ಅವರ ಅತಿ ಗಹನವಾದ ಮಾತುಗಳೆಲ್ಲ ಅಂಟಕ್ಕನ ಕಿವಿಗೆ ತೊದಲು ನುಡಿಯಲ್ಲೇ ಬಿದ್ದಿದ್ದವು.

ಮೇಷ್ಟ್ರಿಗೆ ಖಡ್ಗಮೃಗಗಳೆಂದರೆ ಪ್ರಾಣ. ಈಗ ಉಳಿದಿರುವ ನಾಲ್ಕೈದು ಬಗೆಗಳಲ್ಲ, ಅವುಗಳ ಹಿಂದಿನ ದೊಡ್ಡ ಸಂಸಾರ. ಮೊದಮೊದಲು ಅಂಟಕ್ಕ ಅದು ಆನೆಯ ಕಡೆಯ ನೆಂಟ ಇರಬೇಕು ಅಂದುಕೊಂಡಿದ್ದಳು. ಮೇಷ್ಟ್ರು ಅವಳ ಮುಂದೆ ಒಂದು ಪಾದದ ಮೂಳೆಗಳನ್ನು ಹರವಿ ಮೂರು ಬೆರಳು ತೋರಿಸಿದರು. ದಪ್ಪ ಚರ್ಮ ನೋಡಿ ಮೋಸ ಹೋಗಬಾರದು, ಇದರ ದಾಯಾದಿ ಕುದುರೆ ಎಂದರು. ಒಂದು ಕಾಲದಲ್ಲಿ ಈ ಸಂಸಾರದಲ್ಲಿ ತೆಳ್ಳನೆಯ ಕಾಲಿನ ಓಟಗಾರರಿದ್ದರು, ನೀರಲ್ಲೇ ಬಿದ್ದಿರುವ ಸೋಮಾರಿಗಳಿದ್ದರು, ಮರದ ತುದಿಯ ಎಲೆ ಮೇಯುವಷ್ಟು ಎತ್ತರದ ದೈತ್ಯರಿದ್ದರು, ಹಿಮದ ನಾಡಿನಲ್ಲಿ ಮೈತುಂಬ ಉಣ್ಣೆ ಹೊದ್ದವರಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಕೊಂಬೇ ಇರಲಿಲ್ಲ. ಕೊಂಬು ಅಂದರೆ ಮೂಳೆಯಲ್ಲ, ಉಗುರಿನ ಜಾತಿಯದು, ಸತ್ತ ಮೇಲೆ ಕೊಳೆತು ಹೋಗುತ್ತದೆ. ಅದು ಕೂತಿದ್ದ ಜಾಗದಲ್ಲಿ ಮೂಗಿನ ಮೂಳೆ ಉಬ್ಬಿ, ಹೂಕೋಸಿನ ಹಾಗೆ ಒರಟಾಗಿರುತ್ತದೆ. ಆ ಒರಟನ್ನು ನೋಡಿಯೇ ಇಲ್ಲೊಂದು ಕೊಂಬಿತ್ತು ಎಂದು ಹೇಳಬೇಕು. ಇದನ್ನೆಲ್ಲ ಅವಳು ವರ್ಷಗಟ್ಟಲೆ ಕೇಳಿಸಿಕೊಂಡಿದ್ದಳು. ಮನೆಗೆ ಹೋಗಿ ಗಂಡನಿಗೂ ಹೇಳುತ್ತಿದ್ದಳು. ಬಸ್ಸು ಓಡಿಸುವ ಗಂಡ, ಊಟ ಮಾಡುತ್ತ, "ನಮ್ಮ ಡಿಪೋದಲ್ಲೂ ನೀರಲ್ಲಿ ಬಿದ್ದಿರೋ ಬಣದವರು ಇದ್ದಾರೆ" ಎನ್ನುತ್ತಿದ್ದ.

ಮ್ಯೂಸಿಯಂನ ದೊಡ್ಡ ಹಾಲಿನ ಗೋಡೆಯ ಮೇಲೆ ಒಂದು ತಲೆಬುರುಡೆ ಇತ್ತು. ನೂರು ವರ್ಷಕ್ಕೂ ಹಿಂದೆ ನದಿಯ ದಂಡೆಯಲ್ಲಿ ಸಿಕ್ಕಿದ್ದು. ಕಂದು ವಾರ್ನಿಷ್ ಹೊಡೆದು ಹೊಡೆದು ಅದು ಹಳೆಯ ಮರದ ಕುರ್ಚಿಯ ಹಾಗೆ ಮಿರುಗುತ್ತಿತ್ತು. ಮೂಗಿನ ಮೇಲೆ ಮುಷ್ಟಿಯಷ್ಟು ದೊಡ್ಡ ಒರಟು ಗಂಟು. ಅದರಿಂದಾಗಿ ಎಲ್ಲರ ಬಾಯಲ್ಲಿ ಅದು ಕೊಂಬಣ್ಣ. ಮ್ಯೂಸಿಯಂನ ಟಿಕೆಟ್ಟಿನ ಮೇಲೆ, ಗೇಟಿನ ಕಮಾನಿನ ಮೇಲೆ ಅದರದೇ ಚಿತ್ರ, ಚಿತ್ರದಲ್ಲಿ ಕತ್ತಿಯಂಥ ಕೊಂಬು.

ಮೇಷ್ಟ್ರ ಜೀವನದ ತಲೆನೋವೂ ಇದೇ ಕೊಂಬಣ್ಣ. ಅದರ ಕೆಳದವಡೆ ಬೇರೆಯಾಗಿ ಒಂದು ಡ್ರಾಯರಿನಲ್ಲಿತ್ತು. ದವಡೆಯ ಮುಂದುಗಡೆ ಕೋರೆಯಂಥ ಎರಡು ಉದ್ದ ಹಲ್ಲು. ಆ ಹಲ್ಲಿನ ಆಕಾರ, ದವಡೆ ಹಲ್ಲುಗಳ ಮೇಲಿನ ಏಣುಗಳು, ಎಲ್ಲವೂ ಕೊಂಬಿಲ್ಲದವರ ಮನೆತನದ್ದು. ಮೂಗು ಮಾತ್ರ ಕೊಂಬಿನವರದು. ಅದನ್ನು ಯಾವ ಮನೆಗೂ ಸೇರಿಸಲಾಗದೆ, ಮೇಷ್ಟ್ರು ಹರೆಯದಲ್ಲಿ ಅದಕ್ಕೆಂದೇ ಒಂದು ಪ್ರತ್ಯೇಕ ಕವಲು ಮಾಡಿ, ಹೊಸ ಹೆಸರಿಟ್ಟು ಪ್ರಕಟಿಸಿದ್ದರು. ಹೊರದೇಶದ ಪಂಡಿತರು ಕೆಲವರು ಒಪ್ಪಿದರು, ಉಳಿದವರು ನಕ್ಕರು. ಮೇಷ್ಟ್ರಿಗೇ ಒಳಗೊಳಗೆ ಸಮಾಧಾನವಿರಲಿಲ್ಲ. ಬುರುಡೆಯನ್ನು ಇಳಿಸಿ ವಾರ್ನಿಷ್ ಕೆರೆದು ನೋಡುತ್ತೇನೆಂದು ಅವರು ಬಂದ ಬಂದ ನಿರ್ದೇಶಕರನ್ನೆಲ್ಲ ಕೇಳಿದ್ದರು. ಮ್ಯೂಸಿಯಂನ ಗುರುತಿಗೇ ಕೈ ಹಾಕುವುದೆ ಎಂದು ಒಬ್ಬರೂ ಒಪ್ಪಿರಲಿಲ್ಲ. ಏಣಿ ಹತ್ತಿ ದೀಪ ಹಿಡಿದು ನೋಡಿದ್ದೇ ನೋಡಿದ್ದು.

ಅಂಥ ಬುರುಡೆ ಕೊನೆಗೆ ಕೆಳಗಿಳಿದದ್ದು ನೀರಿನಿಂದ. ಹಾಲಿನ ಗೋಡೆ ಜಿನುಗಲು ಶುರುವಾಗಿ ಬಣ್ಣ ಬಾತುಕೊಂಡು ಉದುರತೊಡಗಿತು. ಗೋಡೆ ರಿಪೇರಿಯವರು ಬರುವ ಮೊದಲು ಎಲ್ಲವನ್ನೂ ಇಳಿಸಬೇಕೆಂದು ನಿರ್ದೇಶಕರು ಹೇಳಿದರು. ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಅವರು ಬರಲಿ ಎನ್ನಬೇಕೆಂದು ಅಂಟಕ್ಕನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಗೋಡೆಯ ಮೇಲೆ ನೀರಿನ ಕಲೆ ಬುರುಡೆಯ ಹಲಗೆಯ ತನಕ ಇಳಿದಿತ್ತು.

ಬುರುಡೆಗೆ ಪಟ್ಟಿ ಕಟ್ಟಿದವಳು ಅವಳೇ. ಕೆನ್ನೆಯ ಮೂಳೆಯ ಕೆಳಗೊಂದು, ಹಿಂದಲೆಗೊಂದು. ಬಡಗಿ ಮತ್ತು ಅವನ ಜೊತೆಯವನು ರಾಟೆಯ ಹಗ್ಗ ಹಿಡಿದು ನಿಧಾನವಾಗಿ ಇಳಿಸಿದರು. ಕೆಳಗೆ ಮೆತ್ತೆ ಹಾಸಿದ ಮರದ ಚೌಕಟ್ಟು ಕಾದಿತ್ತು. ಇನ್ನೇನು ಒಂದು ಮೊಳ ಇದೆ ಅನ್ನುವಾಗ ಮುಂದಿನ ಪಟ್ಟಿ ವಾರ್ನಿಷ್ಷಿನ ನುಣುಪಿನ ಮೇಲೆ ಜಾರಿತು. ಬುರುಡೆ ಮುಂದಕ್ಕೆ ತಲೆ ಬಾಗಿಸಿದಂತೆ ವಾಲಿ, ಮೂಗು ಚೌಕಟ್ಟಿನ ಮೂಲೆಗೆ ಬಡಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೂಗಿನ ಮೇಲಿನ ಗಂಟು ಎರಡು ಹೋಳಾಗಿ ಕಳಚಿ, ಒಂದು ಹೋಳು ಉರುಳಿಕೊಂಡು ಹೋಗಿ ಬಡಗಿಯ ಕಾಲಿನ ಹತ್ತಿರ ನಿಂತಿತು.

ಬಗ್ಗಿ ಹೋಳನ್ನು ಎತ್ತಿಕೊಳ್ಳಲು ಹೋದ ಅಂಟಕ್ಕ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ನಿರ್ದೇಶಕರು ಬಂದರು. ಅವರು ಮೆಲುಮಾತಿನ ಮನುಷ್ಯ. ಬೈದಿದ್ದರೆ ಅವಳಿಗೆ ಅಳುವಾದರೂ ಬರುತ್ತಿತ್ತೇನೋ. "ಯಾರೂ ಏನೂ ಮುಟ್ಟಬೇಡಿ. ಮೇಷ್ಟ್ರು ಬಂದು ನೋಡಲಿ" ಎಂದಷ್ಟೇ ಹೇಳಿ, ಎಲ್ಲದರ ಮೇಲೂ ಬಟ್ಟೆ ಹೊದಿಸಿ, ಹಾಲಿಗೆ ಬೀಗ ಹಾಕಿಸಿದರು. ಒಡೆದದ್ದನ್ನು ಕಣ್ಣಿಟ್ಟು ನೋಡಲೂ ಆಗದೆ ಅವಳು ಹೊರಗೆ ಬಂದಳು. ಒಡೆದ ವಸ್ತುವಿನ ಮುಂದಿನಿಂದ ಬರಿಗೈಲಿ ಎದ್ದು ಬಂದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಮನೆಯಲ್ಲಿ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು. ಸತ್ತ ಪ್ರಾಣಿಗಳನ್ನು ಮುಟ್ಟಿ ಬರುತ್ತಾಳೆಂದು ಸೊಸೆಯ ಮೇಲೆ ಅವರಿಗೆ ಮೊದಲಿಂದಲೂ ಅಸಮಾಧಾನ. ಮೊಣಕೈ ತನಕ ಸೋಪು ಹಾಕಿ ತೊಳೆಯದೆ ಅಡುಗೆಮನೆಯ ಹೊಸಿಲು ದಾಟಗೊಡುತ್ತಿರಲಿಲ್ಲ. ಅಂದು ಅವಳು ಕೈ ತೊಳೆಯುವುದನ್ನೂ ಮರೆತು ಸೀದಾ ಒಳಗೆ ಬಂದು ಸ್ಟೂಲಿನ ಮೇಲೆ ಕೂತಾಗ, ಅತ್ತೆ ಮುಖ ನೋಡಿ ಮತ್ತೆ ಈರುಳ್ಳಿ ಹೆಚ್ಚತೊಡಗಿದರು. ಗಂಡ ಡ್ಯೂಟಿ ಮುಗಿಸಿ ಬಂದ ಮೇಲೆ ಅವಳು ನಡೆದದ್ದನ್ನು ಹೇಳಿದಳು. ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ.

"ಅಲ್ಲ, ಇಷ್ಟು ವರ್ಷ ಯಾರನ್ನ ಕಂಡ್ರೂ ಮೂಗು ಮುರಿದೋಳಲ್ಲ ನೀನು" ಎಂದ.

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಅಂದು ಅವಳ ಕಣ್ಣು ತುಂಬಿತು. ಅವಳನ್ನು ಕಾಡಿದ್ದು ಕೆಲಸ ಹೋಗುವ ಭಯವೊಂದೇ ಅಲ್ಲ. ಇಡೀ ಆಯುಷ್ಯ ಮೇಷ್ಟ್ರು ಯಾವುದರ ಸುತ್ತ ಸುತ್ತಿದ್ದರೋ ಅದನ್ನು ತನ್ನ ಕೈಯೇ ಹಾಳು ಮಾಡಿತಲ್ಲ, ಅವರು ನಿವೃತ್ತರಾಗುವ ಹೊತ್ತಿಗೆ, ಕಣ್ಣು ಕಟ್ಟಿಕೊಂಡು ಮಲಗಿರುವಾಗ. ಈ ಸುದ್ದಿಯನ್ನು ಅವರಿಗೆ ಬೇರೆ ಯಾರೋ ಹೇಳುವುದು ಬೇಡ, ಬೆಳಿಗ್ಗೆ ತಾನೇ ಹೋಗಿ ಹೇಳುತ್ತೇನೆ ಎಂದಳು.

ಅತ್ತೆ ತಟ್ಟೆ ತಂದು ಅವಳ ಮುಂದಿಟ್ಟರು. "ಅದು ಸತ್ತು ಯಾವ ಕಾಲ ಆಯ್ತೋ, ಅದಕ್ಕೆ ನೋವಾಗಲ್ಲ. ನೀನು ಬದುಕಿದ್ದೀಯ, ಊಟ ಮಾಡು" ಎಂದರು. ಕೈ ತೊಳೆ ಎಂದು ಆ ದಿನ ಅವರು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ತಮ್ಮ ಮನೆಯ ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಅಂಟಕ್ಕ ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪಟ್ಟಿ ಕಟ್ಟಿದ್ದು ನಾನೇ ಎಂಬುದನ್ನು ಮೊದಲೇ ಹೇಳಿದಳು. ಕನ್ನಡಕದ ಹಿಂದೆ ಮೇಷ್ಟ್ರ ಕಣ್ಣು ಏನು ಹೇಳುತ್ತಿದೆ ಎಂದು ತಿಳಿಯುವ ಹಾಗಿರಲಿಲ್ಲ.

"ಹಲ್ಲಿಗೆ ಏನಾದ್ರೂ ಆಯ್ತಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ. ಮೂಗು ಮಾತ್ರ."

"ಹಾಗಾದ್ರೆ ನಡಿ, ಹೋಗೋಣ."

ಡಾಕ್ಟರು ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದಿದ್ದರು. ಮೇಷ್ಟ್ರು ಅದಕ್ಕೆಲ್ಲ ಕಿವಿಗೊಡುವವರಲ್ಲ. ಇಬ್ಬರೂ ಹಾಲಿಗೆ ಹೋದಾಗ ನಿರ್ದೇಶಕರೇ ಬಂದು ಬೀಗ ತೆಗೆದು, ಬಟ್ಟೆ ಸರಿಸಿ, ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿಕೊಟ್ಟು, ಬೇಕಾದರೆ ಕರೆಯಿರಿ ಎಂದು ಹೋದರು. ಮೇಷ್ಟ್ರು ಕೂತು, ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡರು.

"ನನ್ನ ಕಣ್ಣಿಗೆ ಈಗ ಲೋಕವೆಲ್ಲ ಹಾಲಲ್ಲಿ ಅದ್ದಿದ ಹಾಗಿದೆ. ನೀನು ನೋಡು, ನೋಡಿದ್ದನ್ನ ಹೇಳು. ಏನನ್ಸುತ್ತೆ ಅಂತ ಬೇಡ. ಏನು ಕಾಣ್ಸುತ್ತೆ, ಅಷ್ಟೇ."

ಅಂಟಕ್ಕ ಭೂತಗನ್ನಡಿ ಹಿಡಿದು ಹೋಳನ್ನು ಬೆಳಕಿಗೆ ತಿರುಗಿಸಿದಳು. ಒಡೆದ ಮುಖದ ಬಣ್ಣ ಕಂದು, ಉಳಿದ ಬುರುಡೆಯ ಹಾಗೇ. ತೂತುಗಳಿವೆ ಎಂದಳು. ಎಂಥ ತೂತು ಎಂದು ಮೇಷ್ಟ್ರು ಕೇಳಿದರು. ಗುಂಡಗೆ ಎಂದಳು. ಹಾಗೆಂದವಳು ಮತ್ತೊಮ್ಮೆ ನೋಡಿದಳು. ಇಷ್ಟು ವರ್ಷ ಅವಳು ಕೈಯಲ್ಲಿ ಹಿಡಿದ ಮೂಳೆಗಳ ಒಳಗಿನ ತೂತು ಜೇನುಗೂಡು ಕಲಸಿಹೋದ ಹಾಗೆ, ಬಲೆಯ ಹಾಗೆ ಇರುತ್ತಿತ್ತು. ಇದು ಒಂದೊಂದೂ ಬಿಡಿಬಿಡಿಯಾಗಿ, ಕಲಸಿದ ಹಿಟ್ಟಿನಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ ಇತ್ತು. ಅವಳು ಹೋಳನ್ನು ಇನ್ನೂ ಹತ್ತಿರ ತಂದಳು. ಅಂಚಿನಲ್ಲಿ ಏನೋ ಕೂದಲಿನಂಥದು ಎದ್ದು ನಿಂತಿತ್ತು. ಸೂಜಿಯಿಂದ ಮೆಲ್ಲಗೆ ತಾಗಿಸಿದಳು, ಅದು ಬಾಗಿತು.

"ಮೇಷ್ಟ್ರೇ, ಇದರೊಳಗೆ ನಾರಿದೆ."

"ಎಂಥ ನಾರು?"

"ಗೋಣಿ ನಾರು. ಪ್ಲಾಸ್ಟರು ಗಟ್ಟಿಯಾಗ್ಲಿ ಅಂತ ಹಾಕ್ತಾರಲ್ಲ, ಅದು."

ಮೇಷ್ಟ್ರು ಕೈ ಚಾಚಿದರು. ಅವಳು ಹೋಳನ್ನು ಅವರ ಅಂಗೈಯಲ್ಲಿಟ್ಟು, ಅವರ ಬೆರಳನ್ನು ಹಿಡಿದು ನಾರಿನ ಮೇಲೆ ಇರಿಸಿದಳು. ಅವರು ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ಬಾಗಿಸಿ ನೋಡಿದರು. ಬುರುಡೆಯ ಕಡೆ ಏನಿದೆ ನೋಡು ಎಂದರು. ಅವಳು ನೋಡಿದಳು. ಗಂಟು ಕಳಚಿದ ಜಾಗದಲ್ಲಿ ಕಂದು ಪ್ಲಾಸ್ಟರಿನ ಪದರ ಇನ್ನೂ ಅಂಟಿತ್ತು, ಒಂದು ಕಡೆ ಅದು ಚಕ್ಕೆಯಾಗಿ ಎದ್ದಿತ್ತು. ಅದರ ಕೆಳಗೆ ಉಗುರಿನ ಅಗಲದಷ್ಟು ಕಪ್ಪನೆಯ, ನುಣ್ಣನೆಯ, ಹೊಳೆಯುವ ಮೂಳೆ. ಒರಟಿಲ್ಲ, ಉಬ್ಬಿಲ್ಲ. ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ಮೇಷ್ಟ್ರ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ಅವಳು ಗಾಬರಿಯಾದಳು. ಕಣ್ಣಿಗೆ ನೀರು ತಾಗಬಾರದಲ್ಲ ಎಂದು ಅವಳಿಗೆ ಮೊದಲು ಹೊಳೆಯಿತು. ಆದರೆ ಅವರು ನಗುತ್ತಿದ್ದರು. ಹಲ್ಲಿಲ್ಲದ ಬಾಯಿ ತೆರೆದುಕೊಂಡು, ಸದ್ದಿಲ್ಲದೆ, ಮಗುವಿನ ಹಾಗೆ ನಗುತ್ತಿದ್ದರು.

"ಕೊಂಬು ಇರಲೇ ಇಲ್ಲ ಕಣಮ್ಮ ಇದಕ್ಕೆ. ಹಲ್ಲು ಸುಳ್ಳು ಹೇಳಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ನಾನು ಯಾರದೋ ಪ್ಲಾಸ್ಟರ್ ಜೊತೆ ಜಗಳ ಆಡಿದ್ದೀನಿ."

ಅಂಟಕ್ಕನಿಗೆ ಮೊದಲು ಅರ್ಥವಾದದ್ದು ಒಂದೇ, ಮೂಳೆ ಒಡೆದಿಲ್ಲ. ಅವಳು ಮತ್ತೆ ನೆಲದ ಮೇಲೆ ಕೂತಳು. ಹಿಂದಿನ ದಿನ ಕೂತಲ್ಲೇ. ಆದರೆ ಈ ಸಲ ಎದೆಯ ಮೇಲಿಂದ ಯಾರೋ ಚಪ್ಪಡಿ ಇಳಿಸಿದಂತಿತ್ತು. ಹಸಿವಾಗಿದೆ ಎಂಬುದೂ ಆಗಲೇ ಗೊತ್ತಾಯಿತು.

ನಿರ್ದೇಶಕರನ್ನು ಕರೆಸಿದರು. ಅವರೂ ತಿಳಿದವರೇ, ಸುಲಭಕ್ಕೆ ತಲೆಯಾಡಿಸಲಿಲ್ಲ. ಈಗಿನ ಖಡ್ಗಮೃಗಗಳಲ್ಲೂ ಒಂದು ಬಗೆಯಲ್ಲಿ ಹೆಣ್ಣಿಗೆ ಕೊಂಬಿರುವುದಿಲ್ಲವಲ್ಲ, ಇದು ಕೊಂಬಿನ ಮನೆತನದ ಹೆಣ್ಣೇ ಯಾಕಾಗಿರಬಾರದು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ ಎಂದು ಮೇಷ್ಟ್ರು ಖುಷಿಪಟ್ಟರು. ಬರೀ ಮೂಗಾಗಿದ್ದರೆ ಹಾಗೆ ಅನ್ನಬಹುದಿತ್ತು, ಆದರೆ ಮೂಗು, ದವಡೆ ಹಲ್ಲು, ಕೋರೆ ಮೂರೂ ಒಂದೇ ಮನೆಯ ವಿಳಾಸ ಹೇಳಿದರೆ ನಂಬಬೇಕಾಗುತ್ತದೆ ಎಂದರು. ಕೊಂಬು ಹೊರದ ಮನೆತನದವರ ಮೂಗಿನ ಮೂಳೆ ತೆಳು, ಪೂರ್ತಿ ಬಿಡಿಸಿದ ಮೇಲೆ ಇದು ಎಷ್ಟು ತೆಳು ಎಂದು ಅಳೆದು ಆಮೇಲೆ ತೀರ್ಮಾನ ಮಾಡೋಣ ಎಂದೂ ಸೇರಿಸಿದರು. ನಿರ್ದೇಶಕರ ಮುಖದ ಬಿಗಿ ಸಡಿಲಿತು. ಅಂಟಕ್ಕನ ಕಡೆ ತಿರುಗಿ, ನಿನ್ನೆ ರಾತ್ರಿ ತಮಗೂ ನಿದ್ದೆ ಬರಲಿಲ್ಲ ಎಂದರು. ಆಮೇಲೆ ಅವರಿಗೆ ಹೊಸ ಚಿಂತೆ ಹತ್ತಿತು. ಟಿಕೆಟ್ಟಿನ ಮೇಲಿನ ಚಿತ್ರಕ್ಕೆ ಏನು ಮಾಡುವುದು?

"ಹೇಗೂ ಟಿಕೆಟ್ ಹರಿದೇ ಒಳಗೆ ಬಿಡ್ತೀರಲ್ಲ" ಎಂದರು ಮೇಷ್ಟ್ರು. "ಇನ್ನು ಮೇಲೆ ಕೊಂಬಿನ ಕಡೆಯಿಂದ ಹರೀರಿ."

ಪ್ಲಾಸ್ಟರ್ ಬಿಡಿಸುವ ಕೆಲಸ ತಿಂಗಳುಗಟ್ಟಲೆ ಹಿಡಿಯಿತು. ಅಂಟಿಸುವುದೇ ಕಸುಬಾದವಳಿಗೆ ಇದು ತಿರುಗುಮುರುಗು ಕೆಲಸ. ಹತ್ತಿ ಒದ್ದೆ ಮಾಡಿ ಇಟ್ಟು, ಮೆದುವಾದದ್ದನ್ನು ಮರದ ಕಡ್ಡಿಯಿಂದ ಎಬ್ಬಿಸಿ, ಕುಂಚದಿಂದ ಗುಡಿಸಿ, ಮತ್ತೆ ಒಣಗಲು ಬಿಡಬೇಕು. ಆ ದಿನಗಳಲ್ಲಿ ಅವಳೊಳಗೆ ಸಣ್ಣದೊಂದು ಭಯ ಇದ್ದೇ ಇತ್ತು. ಒಮ್ಮೆ ಅದೃಷ್ಟ ಕೈ ಹಿಡಿಯಿತು, ಎರಡನೆಯ ಸಲ ಜಾರಿದರೆ ಒಡೆಯುವುದು ನಿಜವಾದ ಮೂಳೆ. ಮೇಷ್ಟ್ರು ಪಕ್ಕದಲ್ಲೇ ಕೂತಿರುತ್ತಿದ್ದರು. ಅವರ ಕಣ್ಣು ತಿಳಿಯಾಗುತ್ತ ಬಂದ ಹಾಗೆ ಕೊಂಬಣ್ಣನ ಮೂಗೂ ಹೊರಗೆ ಬರುತ್ತಿತ್ತು. ಉದ್ದನೆಯ, ತೆಳ್ಳನೆಯ, ನೇರವಾದ ಮೂಗು. ತುದಿ ಮಾತ್ರ ಹಿಂದೆ ಯಾವಾಗಲೋ ಮುರಿದಿತ್ತು. ಮೊದಲು ಅದನ್ನು ಸರಿಪಡಿಸಿದವನು ಬದುಕಿರುವ ಖಡ್ಗಮೃಗವನ್ನು ಮನಸ್ಸಿನಲ್ಲಿಟ್ಟುಕೊಂಡು, ಮೂಳೆಪುಡಿ ಬೆರೆಸಿದ ಪ್ಲಾಸ್ಟರಿನಲ್ಲಿ ಇಲ್ಲದ ಗಂಟನ್ನೂ ಸೇರಿಸಿ ಮುಗಿಸಿದ್ದ. ಮೋಸವೋ, ಒಳ್ಳೆಯ ಮನಸ್ಸಿನ ತಪ್ಪೋ, ಯಾರಿಗೆ ಗೊತ್ತು.

ಕೊನೆಯ ಪದರದ ಒಂದು ಚಕ್ಕೆ ಎದ್ದು ಬಂದಾಗ ಅದರ ಒಳಮೈಯಲ್ಲಿ ಹೆಬ್ಬೆರಳಿನ ಗುರುತು ಇತ್ತು. ಹಸಿ ಪ್ಲಾಸ್ಟರನ್ನು ಒತ್ತಿದ ಹೆಬ್ಬೆರಳು, ಗೆರೆಗಳೂ ಸ್ಪಷ್ಟ. ಅಂಟಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡಿದಳು. ಅದು ಅವಳದಕ್ಕಿಂತ ದೊಡ್ಡದಾಗಿತ್ತು.

"ಕೈ ಮಾತ್ರ ಚೆನ್ನಾಗಿತ್ತು ಅವನದು" ಎಂದಳು.

ಮೇಷ್ಟ್ರು ಆ ಚಳಿಗಾಲದಲ್ಲಿ ಕೂತು ತಮ್ಮ ಕೊನೆಯ ಲೇಖನ ಬರೆದರು. ತಾವೇ ಹಿಂದೆ ಮಾಡಿದ್ದ ಪ್ರತ್ಯೇಕ ಕವಲನ್ನು ತಾವೇ ರದ್ದು ಮಾಡಿ, ಕೊಂಬಣ್ಣನನ್ನು ಕೊಂಬಿಲ್ಲದವರ ಮನೆತನಕ್ಕೆ ಸೇರಿಸಿದರು. ಅದೇ ನದಿಯ ದಂಡೆಯಲ್ಲಿ ಸಿಕ್ಕ ಆ ಮನೆತನದ ದವಡೆಗಳು ಪಕ್ಕದ ಕೋಣೆಯ ಬೀರುವಿನಲ್ಲೇ ಇದ್ದವು. ಅಂಟಕ್ಕನಿಗೆ ಒಂದು ವಿಷಯ ಕೇಳದೆ ಇರಲಾಗಲಿಲ್ಲ.

"ನೀವಿಟ್ಟ ಹೆಸರು ಹೊರಟುಹೋಗುತ್ತಲ್ಲ ಮೇಷ್ಟ್ರೇ. ಬೇಜಾರಾಗಲ್ವಾ?"

ಅವರು ಯೋಚಿಸಿಯೇ ಉತ್ತರ ಕೊಟ್ಟರು. "ಪಾಪ, ಅದನ್ನ ದಿಕ್ಕಿಲ್ಲದ ಹಾಗೆ ಒಂಟಿಯಾಗಿ ನಿಲ್ಲಿಸಿದ್ದೆ. ಅಣ್ಣತಮ್ಮಂದಿರೆಲ್ಲ ಗೋಡೆಯ ಆಚೆ ಇದ್ರು. ಹೆಸರು ಹೋದ್ರೆ ಹೋಗ್ಲಿ ಬಿಡು. ಈಗ ನಾನು ಹಾಯಾಗಿ ಮನೆಗೆ ಹೋಗ್ತೀನಿ."

ಗೋಡೆ ಒಣಗಿ, ಬಣ್ಣವಾಗಿ, ಹಾಲು ಮತ್ತೆ ತೆರೆಯುವ ಹೊತ್ತಿಗೆ ಬುರುಡೆಯನ್ನು ಗೋಡೆಗೆ ಏರಿಸಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ, ಕಣ್ಣಿನ ಎತ್ತರಕ್ಕೆ, ಅದರ ದಾಯಾದಿಗಳ ದವಡೆಗಳ ನಡುವೆ ಇಟ್ಟರು. ಮುರಿದ ತುದಿಯನ್ನು ಮುರಿದ ಹಾಗೇ ಬಿಟ್ಟರು. ಪಕ್ಕದಲ್ಲಿ ಹೆಬ್ಬೆರಳಿನ ಗುರುತಿದ್ದ ಚಕ್ಕೆಯನ್ನೂ ಇಡಬೇಕೆಂದು ಕೇಳಿದವಳು ಅಂಟಕ್ಕ, ಇಡಿಸಿದವರು ನಿರ್ದೇಶಕರು. ಆ ದಿನ ಬುರುಡೆಯನ್ನು ಎತ್ತಿ ಇರಿಸುವಾಗ ಪಟ್ಟಿಯ ಗೋಜೇ ಬೇಡವೆಂದು ಬಡಗಿ, ಅವನ ಜೊತೆಯವನು, ಅಂಟಕ್ಕ ಮೂವರೂ ಕೈಗಳಲ್ಲೇ ಹೊತ್ತರು. ಅದು ಮೆತ್ತೆಯ ಮೇಲೆ ಕೂತು, ಗಾಜಿನ ಬಾಗಿಲು ಮುಚ್ಚಿ, ಬೀಗ ಬಿದ್ದ ಮೇಲೆ ಅವಳು ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು.

ಸಂಜೆ ಗಂಡನ ಬಸ್ಸೇ ಸಿಕ್ಕಿತು. ಅವಳು ಅವನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಗೆ ತಲೆ ಆನಿಸಿದಳು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಬಾಯಿ ತೆರೆದುಕೊಂಡು ಗಾಢ ನಿದ್ದೆ. ಅವರ ಮನೆಯ ನಿಲ್ದಾಣ ಬಂತು. ಗಂಡ ಕನ್ನಡಿಯಲ್ಲಿ ಒಮ್ಮೆ ನೋಡಿದ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಅವನು ಅವಳನ್ನು ಎಬ್ಬಿಸಲಿಲ್ಲ, ಹಾರ್ನ್ ಕೂಡ ಮಾಡದೆ ಮೆಲ್ಲಗೆ ಗೇರು ಹಾಕಿ, ಡಿಪೋದ ತನಕ ಅವಳನ್ನು ಹಾಗೆಯೇ ಕರೆದುಕೊಂಡು ಹೋದ.